ಚಿತ್ರ ಬರೆಯುವ ಮೊದಲು
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಮಾತಿನ ಬರಹರೂಪ)

 

ನಿಮ್ಮಲ್ಲಿ ಹಲವರಿಗೆ ನಾನು ಹಿಂಜವಡಿಯಲ್ಲಿ ಐಟಿ ಕೆಲಸ ಮಾಡುವವಳೆಂದು ಗೊತ್ತು. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಎರಡು ವರ್ಷದಿಂದ ನನಗೆ ಇನ್ನೊಂದು ಗುರುತಿದೆ. ಶನಿವಾರ, ಭಾನುವಾರ ನಾನು ಇಲಸ್ಟ್ರೇಷನ್ ವಿದ್ಯಾರ್ಥಿನಿ. ತರಗತಿಯಲ್ಲಿ ನನ್ನ ಪಕ್ಕ ಕೂರುವ ಹುಡುಗಿಗೆ ಹತ್ತೊಂಬತ್ತು ವರ್ಷ. ಮೊದಲ ದಿನ ಅವಳು ನನ್ನನ್ನು ಟೀಚರ್ ಎಂದುಕೊಂಡು ಎದ್ದು ನಿಂತಿದ್ದಳು!

ಮನಸ್ಸಿಗೆ ತೋಚಿದ್ದನ್ನು ಬರೆಯುವುದು ಚಿತ್ರಕಲೆ. ಇನ್ನೊಬ್ಬರ ಕಥೆಗೆ, ಪುಸ್ತಕಕ್ಕೆ, ಡಬ್ಬದ ಲೇಬಲ್ಲಿಗೆ ಬೇಕಾದದ್ದನ್ನು ಬರೆಯುವುದು ಇಲಸ್ಟ್ರೇಷನ್. ಏನು ಬೇಕು, ಯಾರಿಗೆ, ಯಾವ ಅಳತೆಯಲ್ಲಿ, ಯಾವಾಗ ಎಂದು ತಿಳಿಸುವ ಕಾಗದಕ್ಕೆ ಬ್ರೀಫ್ ಎನ್ನುತ್ತಾರೆ. ಅಜ್ಜಿ ‘15ರಿಂದ 8, ಸಂದುಚುಕ್ಕಿ’ ಎಂದು ಹೇಳಿ ಒಳಗೆ ಹೋಗುತ್ತಿದ್ದರಲ್ಲ, ಅದೂ ಬ್ರೀಫೇ. ಚುಕ್ಕಿ ಅವರದು, ಎಳೆ ನಮ್ಮದು.

ನನ್ನ ಮೊದಲ ಬ್ರೀಫ್ ಒಂದು ಸ್ಪರ್ಧೆಯದು. ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ, ಮಳೆಯ ದಿನದ ಬಗ್ಗೆ ಮೂರು ಚಿತ್ರ, ಎರಡೇ ಬಣ್ಣ. ಆಫೀಸಿನಲ್ಲಿ ಅರವತ್ತು ಪುಟದ ರಿಕ್ವೈರ್‌ಮೆಂಟ್ ಓದುವ ನನಗೆ ಇದೇನು ಮಹಾ ಎನಿಸಿತು. ಮಗಳು ಮಲಗಿದ ಮೇಲೆ ಹದಿನೆಂಟು ರಾತ್ರಿ ಕೂತು ಸಿಂಹಗಡದ ಮಳೆ, ಮೋಡ, ಕೋಟೆಯ ಒಂದೊಂದು ಕಲ್ಲನ್ನೂ ಬರೆದೆ. ಎರಡು ಬಣ್ಣದ ನಿಯಮ ಮೀರಲಿಲ್ಲ. ಡೆಡ್‌ಲೈನಿಗೆ ಒಂದು ದಿನ ಮೊದಲೇ ಕಳಿಸಿದೆ. ತಿಂಗಳ ಮೇಲೆ ಎರಡು ಸಾಲಿನ ಮೇಲ್ ಬಂತು: ಆಯ್ಕೆಯಾಗಿಲ್ಲ.

ತೀರ್ಪುಗಾರರನ್ನು ಬೈದುಕೊಂಡು ಎರಡು ದಿನ ಕಳೆದೆ. ಮೂರನೆಯ ದಿನ ಐದು ವರ್ಷದ ಮಗಳು ಚಿತ್ರ ನೋಡಿ ಕೇಳಿದಳು, “ಅಮ್ಮಾ, ಇದರಲ್ಲಿ ಪಾಪು ಎಲ್ಲಿದೆ?”

ಪಾಪು ಇತ್ತು. ಕೋಟೆಯ ಬಾಗಿಲಲ್ಲಿ, ಕಿರುಬೆರಳಿನ ಉಗುರಿನಷ್ಟು. ಬಣ್ಣ ಎರಡು ಎಂಬುದನ್ನು ನಾನು ಓದಿದ್ದೆ. ನೋಡುವವರು ಯಾರು ಎಂಬುದನ್ನು ಓದಿರಲಿಲ್ಲ. ಆ ಚಿತ್ರ ಬರೆದದ್ದು ಮಕ್ಕಳಿಗಲ್ಲ, ನನ್ನನ್ನು ಮೆಚ್ಚಬೇಕಾದ ದೊಡ್ಡವರಿಗೆ.

ಬ್ರೀಫನ್ನು ಸರಿಯಾಗಿ ಓದಿದವರ ಕೆಲಸ ನಮ್ಮ ಪರ್ಸಿನಲ್ಲೇ ಇದೆ. 2009ರಲ್ಲಿ ಕೇಂದ್ರ ಸರ್ಕಾರ ರೂಪಾಯಿಗೆ ಒಂದು ಚಿಹ್ನೆ ಬೇಕೆಂದು ಸ್ಪರ್ಧೆ ಕರೆಯಿತು. ದೇಶದ ಸಂಸ್ಕೃತಿ ಕಾಣಬೇಕು, ಕೀಬೋರ್ಡಿನಲ್ಲೂ ಕೂರಬೇಕು. ಮೂರು ಸಾವಿರಕ್ಕೂ ಹೆಚ್ಚು ಚಿಹ್ನೆಗಳು ಬಂದವು. ಕೊನೆಗೆ ಉಳಿದ ಐದರಲ್ಲಿ ಗೆದ್ದದ್ದು ಐಐಟಿ ಬಾಂಬೆಯಲ್ಲಿ ಡಿಸೈನ್ ಸಂಶೋಧನೆ ಮಾಡುತ್ತಿದ್ದ ಡಿ. ಉದಯ ಕುಮಾರ್ ಅವರದು. ದೇವನಾಗರಿಯ ‘ರ’ ಮತ್ತು ರೋಮನ್ ‘ಆರ್’ ಎರಡೂ ಕೆಲವೇ ಗೆರೆಗಳಲ್ಲಿ ಸೇರಿವೆ. 2010ರ ಜುಲೈ 15ರಂದು ಸಂಪುಟ ಅದನ್ನು ಒಪ್ಪಿತು. ಬಹುಮಾನ ಎರಡೂವರೆ ಲಕ್ಷ. ಚಿಹ್ನೆಯ ಹಕ್ಕು ಸರ್ಕಾರದ್ದು ಎಂಬ ಷರತ್ತು ಮೊದಲೇ ಇತ್ತು. ಸ್ಪರ್ಧೆಯ ಬ್ರೀಫಿನಲ್ಲಿ ನಾವು ತಿರುಗಿ ಚೌಕಾಸಿ ಮಾಡುವಂತಿಲ್ಲ. ಆದ್ದರಿಂದ ಷರತ್ತುಗಳನ್ನು ಮೊದಲೇ ಓದಿ, ಒಪ್ಪಿಗೆಯಿದ್ದರೆ ಮಾತ್ರ ಇಳಿಯಬೇಕು. ಸೋತವರ ಚಿತ್ರಗಳೂ ಆಯೋಜಕರದೇ ಎಂದು ಬರೆದಿದ್ದರೆ ನಾನು ಈಗ ಆ ಕಡೆ ಹೋಗುವುದಿಲ್ಲ.

ಇನ್ನು ಕ್ಲೈಂಟ್ ಬ್ರೀಫ್. ಇದನ್ನು ಹೇಳಲು ಸ್ವಲ್ಪ ಸಂಕೋಚ. ಪರಿಚಯದವರ ಪರಿಚಯದವರು ಒಬ್ಬರು ಹನ್ನೆರಡು ಚಿತ್ರ ಕೇಳಿದರು. ಬ್ರೀಫ್ ಬರೆದುಕೊಡಲಿಲ್ಲ, ಫೋನಿನಲ್ಲೇ ಹೇಳಿದರು. ನಾಲ್ಕು ಸಲ ತಿದ್ದಿಸಿದರು. ಚಿತ್ರ ಬಳಸಿಕೊಂಡರು. ಹಣದ ಮಾತು ಬಂದಾಗ “ನಿಮಗೆ ಒಳ್ಳೆ ಪ್ರಚಾರ ಸಿಕ್ಕಿತಲ್ಲ” ಎಂದರು. ತಪ್ಪು ಅವರದಷ್ಟೇ ಅಲ್ಲ. ಆಫೀಸಿನಲ್ಲಿ ಕೋಟಿ ರೂಪಾಯಿಯ ಪ್ರಾಜೆಕ್ಟಿಗೆ ಎಸ್ಟಿಮೇಟ್ ಕೊಡುವ ನನಗೆ, ನನ್ನ ಹನ್ನೆರಡು ಚಿತ್ರಕ್ಕೆ ಬೆಲೆ ಹೇಳಲು ನಾಲಿಗೆ ಹೊರಳಿರಲಿಲ್ಲ. ‘ಹವ್ಯಾಸ ತಾನೆ’ ಎಂದು ಮೊದಲು ಅಂದವಳು ನಾನೇ. ಆಮೇಲೆ ನಾಲ್ಕು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ.

ಮತ್ತೆ ಮುಟ್ಟಿಸಿದ್ದು ಒಂದು ಭಾನುವಾರ. ಮಗಳನ್ನು ಬಾಲೇವಾಡಿಯ ಆರ್.ಕೆ. ಲಕ್ಷ್ಮಣ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. 2022ರಲ್ಲಿ ಉದ್ಘಾಟನೆಯಾದದ್ದು, ಹೋಗದವರು ಹೋಗಿಬನ್ನಿ. ಲಕ್ಷ್ಮಣ್ ನಮ್ಮ ಮೈಸೂರಿನವರು, 2015ರಲ್ಲಿ ತೀರಿಕೊಂಡದ್ದು ಇದೇ ಪುಣೆಯಲ್ಲಿ. ಮುಂಬೈನ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶ ಕೊಡಲಿಲ್ಲ; ಬೇಕಾದ ಪ್ರತಿಭೆ ಕಾಣುತ್ತಿಲ್ಲ ಎಂದಿತು. ಅವರು ಮಹಾರಾಜ ಕಾಲೇಜು ಸೇರಿದರು. ವಿದ್ಯಾರ್ಥಿಯಾಗಿದ್ದಾಗಲೇ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣ ನಾರಾಯಣರ ಕಥೆಗಳಿಗೆ, ರಾ.ಶಿ. ಅವರ ‘ಕೊರವಂಜಿ’ಗೆ ಚಿತ್ರ ಬರೆದರು. ಅಂದರೆ ಅವರು ಕಲಿತದ್ದು ಇನ್ನೊಬ್ಬರ ಬರಹ ಓದಿ, ಅದಕ್ಕೆ ಹೊಂದುವಂತೆ ಬರೆಯುತ್ತ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗನನ್ನು ಬರೆದುಕೊಟ್ಟವರೂ ಅವರೇ. ಆ ಹುಡುಗನ ಹೆಸರಿಗಾಗಿ ಸ್ಪರ್ಧೆ ಇಟ್ಟರು, 500 ರೂಪಾಯಿ ಬಹುಮಾನ. ಹಾಗೆ ಬಂದದ್ದು ‘ಗಟ್ಟು’. ಚಿತ್ರ ಕ್ಲೈಂಟ್ ಕೆಲಸ, ಹೆಸರು ಸ್ಪರ್ಧೆಯದು!

ಮಗಳು ಅಲ್ಲಿ ಪ್ರತಿ ಚಿತ್ರದಲ್ಲೂ ಕಾಮನ್ ಮ್ಯಾನ್ ಅಜ್ಜನನ್ನು ಹುಡುಕುತ್ತಿದ್ದಳು. ನನ್ನ ಚಿತ್ರದಲ್ಲಿ ಪಾಪುವನ್ನು ಹುಡುಕಿದಂತೆಯೇ. ವ್ಯತ್ಯಾಸ ಇಷ್ಟೇ, ಅಜ್ಜ ಅವಳಿಗೆ ಸಿಗುತ್ತಿದ್ದ.

ಮುಂದಿನ ಕೆಲಸ ನಮ್ಮ ಸಂಘದ ಒಬ್ಬ ಸದಸ್ಯೆಯಿಂದಲೇ ಬಂತು. ಮನೆಯಲ್ಲಿ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾರೆ. ಬ್ರೀಫ್ ಒಂದೇ ಶಬ್ದ: “ಚೆನ್ನಾಗಿರಬೇಕು.” ಈ ಸಲ ಪೆನ್ಸಿಲ್ ತೆಗೆಯಲಿಲ್ಲ, ಪ್ರಶ್ನೆ ತೆಗೆದೆ. ಯಾರು ಕೊಳ್ಳುತ್ತಾರೆ? ಡಬ್ಬ ಎಲ್ಲಿ ಇಡುತ್ತಾರೆ? ಅವರೊಂದಿಗೆ ಅಂಗಡಿಗೇ ಹೋದೆ. ಡಬ್ಬಗಳು ಕೌಂಟರಿನ ಕೆಳಗಿನ ಟ್ರೇಯಲ್ಲಿದ್ದವು. ಗಿರಾಕಿಗೆ ಕಾಣುವುದು ಮುಚ್ಚಳ ಮಾತ್ರ! ಅವರು ಕೇಳಿದ್ದು ಪಕ್ಕಕ್ಕೆ ಅಂಟಿಸುವ ಲೇಬಲ್, ಬೇಕಾಗಿದ್ದದ್ದು ಮುಚ್ಚಳದ ಮೇಲೊಂದು ದುಂಡು ಚಿತ್ರ. ಚಕ್ಕುಲಿಯೂ ದುಂಡಗೇ ಇದೆಯಲ್ಲ, ಅರ್ಧ ಕೆಲಸ ಆಗಿಹೋಯಿತು. ಬೆಲೆ ಮೊದಲೇ ಹೇಳಿದೆ. ಧ್ವನಿ ಸ್ವಲ್ಪ ನಡುಗಿತು, ಆದರೂ ಹೇಳಿದೆ. ಅವರು ಅರ್ಧ ಮುಂಗಡ ಕೊಟ್ಟು, “ನಾನೂ ಮೊದಮೊದಲು ಚಕ್ಕುಲಿಗೆ ರೇಟ್ ಹೇಳಲು ನಾಚುತ್ತಿದ್ದೆ” ಎಂದು ನಕ್ಕರು.

ಇಲ್ಲಿ ಕೇಕ್ ಮಾಡುವವರು, ಬ್ಲೌಸ್ ಹೊಲಿಯುವವರು, ಅನುವಾದ ಮಾಡುವವರು, ಸಂಗೀತ ಹೇಳಿಕೊಡುವವರು ಇದ್ದೀರಿ. ನಿಮಗೂ ಬ್ರೀಫ್ ಬರುತ್ತದೆ. ಆದ್ದರಿಂದ ಮೂರು ಮಾತು. ಒಂದು, ಕೊನೆಗೆ ಬಳಸುವವರು ಯಾರು ಎಂದು ಕೇಳಿ. ಎರಡು, ಬೆಲೆ, ಮುಂಗಡ, ಎಷ್ಟು ಸಲ ತಿದ್ದುವುದು, ಇವನ್ನು ಕೆಲಸಕ್ಕೆ ಮೊದಲೇ ಬರೆದಿಡಿ. ವಾಟ್ಸಾಪ್ ಮೆಸೇಜ್ ಆದರೂ ಸರಿ. ಮೂರನೆಯದು ಚಿತ್ರ, ಬರಹ ಮಾಡುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಲು ಸಹಿ ಮಾಡಿದ ಬರಹ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಅರ್ಥ. ಸಹಿ ಹಾಕುವ ಮುನ್ನ ಆ ಸಾಲು ಹುಡುಕಿ.

ಮಳೆಯ ಚಿತ್ರವನ್ನು ಈಚೆಗೆ ಮತ್ತೆ ಬರೆದೆ, ಯಾವ ಸ್ಪರ್ಧೆಗೂ ಅಲ್ಲ. ಕೋಟೆ ಇಲ್ಲ. ಪುಟದ ತುಂಬ ಒಂದು ಕೊಡೆ, ಕೊಡೆಯ ಕೆಳಗೆ ಪಾಪು. ಮಗಳು ನೋಡಿದಳು. ಈ ಸಲ ಪಾಪು ಎಲ್ಲಿ ಎಂದು ಕೇಳಲಿಲ್ಲ. “ಇದರ ಚಪ್ಪಲಿ ಎಲ್ಲಿ?” ಎಂದಳು. ತಿದ್ದುವುದು ಇನ್ನೂ ಇದೆ!