ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೇಕೆ?

(ನಂದೇಶ್ವರದಲ್ಲಿ ಜರುಗಿದ ವಾರ್ಷಿಕ ಸ್ನೇಹ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಕಾಯಿದೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಚಾಲಕರು ಅಪ್ಪಣೆ ಮಾಡಿದ್ದಾರೆ. ಕಾಯಿದೆ ಎಂದೊಡನೆ ಮಕ್ಕಳಿಗೆ ಆಕಳಿಕೆ ಬರುವುದು ಸಹಜ. ಆದುದರಿಂದ ನನ್ನ ಬಾಲ್ಯದ ಒಂದು ಸಂಗತಿಯಿಂದಲೇ ಆರಂಭಿಸುತ್ತೇನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ನೀರಿನ ಕೊಡ ಒಡೆದಿತ್ತು. ಒಡೆದವರಾರೆಂದು ತಿಳಿಯುವವರೆಗೆ ಯಾರನ್ನೂ ಮನೆಗೆ ಬಿಡುವುದಿಲ್ಲವೆಂದು ಗುರುಗಳು ಸಾರಿದರು. ಹೊತ್ತು ಮುಳುಗುತ್ತ ಬಂದಿತು. ನಮ್ಮ ಮನೆ ಎರಡು ಹರದಾರಿ ದೂರ; ನಡುವೆ ಹಳ್ಳ ದಾಟಬೇಕು. ಗುರುಗಳ ದೃಷ್ಟಿ ಮತ್ತೆ ಮತ್ತೆ ನನ್ನ ಮೇಲೆಯೇ ಬೀಳುತ್ತಿತ್ತು. “ಒಪ್ಪಿಕೊಂಡುಬಿಡು ತಮ್ಮಾ, ಏನೂ ಮಾಡುವುದಿಲ್ಲ, ಈಗಲೇ ಮನೆಗೆ ಹೋಗಬಹುದು” ಎಂದರು. “ನಾನೇ ಒಡೆದೆನ್ರಿ” ಎಂದುಬಿಟ್ಟೆ. ಹೇಗೆ ಒಡೆದೆ ಎಂದು ಕೇಳಿದಾಗ, ಓಡುವಾಗ ಕಾಲು ತಾಕಿತೆಂದು ಅದಕ್ಕೊಂದು ಕಥೆಯನ್ನೂ ಕಟ್ಟಿದೆ. ಕೊಡವನ್ನು ಉರುಳಿಸಿದ್ದು ಒಂದು ಆಡು ಎಂದು ಮರುದಿನ ಶಾಲೆಯ ಜವಾನ ಹೇಳಿದ. “ಒಡೆಯದಿದ್ದರೆ ಒಪ್ಪಿಕೊಂಡೆ ಯಾಕೋ?” ಎಂದು ನನ್ನ ತಂದೆಯವರು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ವಕೀಲಿ ವೃತ್ತಿಯಲ್ಲಿ ಅದೇ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿದ್ದೇನೆ.

ಕೊಡದ ಬೆಲೆ ಕೆಲವು ಆಣೆ. ಮನುಷ್ಯನ ಪ್ರಾಣದ ಮಾತು ಬಂದಾಗಲೂ ಇದೇ ನಡೆಯುತ್ತದೆಂದರೆ ನಂಬುವಿರಾ? ಕೊಡಗಿನ ಕುಶಾಲನಗರದ ಹತ್ತಿರದ ಬಡ ಕೂಲಿಕಾರನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ದೂರು ಕೊಟ್ಟವನು ಅವನೇ. ಮುಂದೆ ಮೈಸೂರು ಜಿಲ್ಲೆಯ ಬೆಟ್ಟದಪುರದ ಕಡೆ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಇವನೇ ಎಂದು ಅವನನ್ನು ಸೆರೆಮನೆಗೆ ಕಳಿಸಿದರು. ತನ್ನಿಂದ ಬಲವಂತವಾಗಿ ಒಪ್ಪಿಗೆ ಪಡೆದರೆಂಬುದು ಅವನ ದೂರು. ಒಂದು ವರ್ಷಕ್ಕೂ ಮಿಕ್ಕಿ ಅವನು ಒಳಗಿದ್ದ. 2025ರ ಏಪ್ರಿಲ್ ಮೊದಲ ದಿನ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು! ಅದೇ ತಿಂಗಳು ಮೈಸೂರಿನ ಸೆಶನ್ಸ್ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. ಅವಳು ಆ ದಿನ ಆ ಹೋಟೆಲಿಗೆ ಹೋಗದೆ ಇದ್ದಿದ್ದರೆ?

ಹೊಡೆತ ತಾಳದೆ ಒಪ್ಪಿಕೊಳ್ಳುವುದು ಎಲ್ಲರಿಗೂ ತಿಳಿಯುವ ಮಾತು. ಹೊಡೆಯದಿದ್ದರೂ ಒಪ್ಪಿಕೊಳ್ಳುವುದು ವಿಚಿತ್ರ. 1996ರಲ್ಲಿ ಅಮೇರಿಕೆಯ ಸಾಲ್ ಕ್ಯಾಸಿನ್ ಮತ್ತು ಕ್ಯಾಥರೀನ್ ಕೀಚೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳಿಗೆ ಕಂಪ್ಯೂಟರಿನ ಮೇಲೆ ಅಕ್ಷರ ಒತ್ತುವ ಕೆಲಸ ಕೊಟ್ಟು, ‘ಆಲ್ಟ್’ ಎಂಬ ಕೀಲಿಯನ್ನು ಮಾತ್ರ ಮುಟ್ಟಬಾರದು, ಮುಟ್ಟಿದರೆ ಯಂತ್ರ ಕೆಡುವುದು ಎಂದು ಎಚ್ಚರಿಸಿದರು. ಸ್ವಲ್ಪ ಹೊತ್ತಿಗೆ ಮೊದಲೇ ಏರ್ಪಡಿಸಿದಂತೆ ಯಂತ್ರ ತಾನಾಗಿ ನಿಂತಿತು. “ಆ ಕೀಲಿಯನ್ನು ಒತ್ತಿದಿರಾ?” ಎಂದು ಗದ್ದರಿಸಿದರು. ಒಬ್ಬರೂ ಒತ್ತಿರಲಿಲ್ಲ. ಆದರೂ ನೂರಕ್ಕೆ 69 ಜನ ತಪ್ಪೊಪ್ಪಿಗೆಗೆ ರುಜು ಹಾಕಿದರು. 28 ಜನ ತಾವೇ ಒತ್ತಿದ್ದೆಂದು ಮನಸ್ಸಿನಲ್ಲಿಯೂ ನಂಬಿದರು. 9 ಜನ ಹೇಗೆ ಒತ್ತಿದೆವೆಂದು ವಿವರವನ್ನೂ ಹುಟ್ಟಿಸಿಕೊಂಡರು. ಕೆಲಸ ಬಲು ಅವಸರದ್ದಾಗಿದ್ದು, ‘ನಾನು ಕಣ್ಣಾರೆ ಕಂಡೆ’ ಎಂದು ಸುಳ್ಳುಸಾಕ್ಷಿಯೊಬ್ಬನು ನುಡಿದಾಗಲಂತೂ ರುಜು ಹಾಕದವರೇ ಇಲ್ಲ. ಇದನ್ನು ಓದಿದಾಗ ನನಗೆ ಆ ಕೊಡವೇ ನೆನಪಾಯಿತು. ದಣಿದ ಮನಸ್ಸಿಗೆ ಈ ಕ್ಷಣದ ಬಿಡುಗಡೆ ದೊಡ್ಡದಾಗಿ ಕಾಣುತ್ತದೆ. ನಾಳಿನ ಶಿಕ್ಷೆ ದೂರದ ಬೆಟ್ಟ. ‘ನಾನು ನಿರಪರಾಧಿ, ಸತ್ಯ ಹೇಗೂ ಹೊರಬೀಳುತ್ತದೆ’ ಎಂಬ ಭರವಸೆಯೇ ಎಷ್ಟೋ ಸಲ ಅವನ ಕೈಯಿಂದ ರುಜು ಹಾಕಿಸುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. 1872ರ ಸಾಕ್ಷ್ಯ ಕಾಯಿದೆಯನ್ನು ರಚಿಸಿದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನರು ಅನುಭವಿ ಅಧಿಕಾರಿಯೊಬ್ಬನ ಅಭಿಪ್ರಾಯವನ್ನು ದಾಖಲಿಸಿದ್ದಾರೆ. ಹಿಂಸೆಗೆ ಮೂಲ ಬಹುಮಟ್ಟಿಗೆ ಸೋಮಾರಿತನವಂತೆ. ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ, ನೆರಳಲ್ಲಿ ಕುಳಿತು ಬಡಪಾಯಿಯ ಕಣ್ಣಿಗೆ ಮೆಣಸಿನಕಾಯಿ ತಿಕ್ಕುವುದು ಸುಖಕರವಂತೆ! ನಮ್ಮ ಸೋಲಾಪುರದ ಬಿಸಿಲನ್ನು ಬಲ್ಲವರಿಗೆ ಈ ಮಾತಿನ ಅರ್ಥ ಬೇಗನೆ ಆಗುತ್ತದೆ. ಆದ್ದರಿಂದಲೇ ಪೋಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಕೂಡದೆಂದು ಆ ಕಾಯಿದೆಯ 25ನೆಯ ಕಲಮು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು 23ನೆಯ ಕಲಮಾಗಿ ಉಳಿದಿದೆ. ಬಂಧನದಲ್ಲಿರುವವನ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಮಾತ್ರ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಪಂಚನಾಮೆಯ ಜಗಳಗಳೆಲ್ಲ ಹುಟ್ಟುವುದು ಈ ಸಂದಿಯಲ್ಲಿಯೇ ಎಂದು ವಕೀಲನಾಗಿ ಬಲ್ಲೆ. ಔಷಧ ಚುಚ್ಚಿ ಮಾತಾಡಿಸುವ ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದೆಂದು ಸುಪ್ರೀಂ ಕೋರ್ಟು 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಪೋಲೀಸರೆಲ್ಲ ಕ್ರೂರಿಗಳೆಂದು ನಾನು ಹೇಳಿದೆನೆಂದು ತಿಳಿಯಬಾರದು. ತಪ್ಪು ಒಪ್ಪಿಗೆಯಿಂದ ಅವರಿಗೂ ನಷ್ಟವೇ; ನಿಜವಾದ ಅಪರಾಧಿ ಸಂತೆಯಲ್ಲಿ ನಿಶ್ಚಿಂತನಾಗಿ ತಿರುಗುತ್ತಿರುತ್ತಾನೆ.

ತಾಯಿತಂದೆಗಳಲ್ಲಿ ಒಂದು ಅರಿಕೆ. ನಿಮ್ಮವರನ್ನು ಠಾಣೆಗೆ ಹಿಡಿದೊಯ್ದರೆ 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಯ ಪ್ರಯಾಣದ ವೇಳೆ ಮಾತ್ರ ಇದಕ್ಕೆ ಸೇರದು. ವಕೀಲರನ್ನು ಕಾಣುವ ಹಕ್ಕುಂಟು. ಹಣವಿಲ್ಲದವರಿಗೆ ಸರಕಾರದ ಕಾನೂನು ನೆರವುಂಟು. ಹದಿನೆಂಟು ತುಂಬದ ಮಗುವನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. ತಪ್ಪೊಪ್ಪಿಗೆ ಬರೆದುಕೊಳ್ಳುವ ಮೊದಲು, ‘ನೀನು ಹೇಳಲೇಬೇಕೆಂದಿಲ್ಲ’ ಎಂದು ಮ್ಯಾಜಿಸ್ಟ್ರೇಟರು ತಿಳಿಸಲೇಬೇಕು. ಆಗ ‘ಹೇಳಲಾರೆ’ ಎಂದರೆ, ಆ ಕಾರಣಕ್ಕಾಗಿ ಅವನನ್ನು ಮರಳಿ ಪೋಲೀಸರ ವಶಕ್ಕೆ ಕೊಡುವಂತಿಲ್ಲ.

ಮಕ್ಕಳೇ, ಆ ಆಡು ನಮ್ಮ ಗುರುಗಳ ಮನೆಯದೇ ಆಗಿತ್ತೆಂಬುದನ್ನು ಹೇಳಲು ಮರೆತಿದ್ದೆ. ಮರುದಿನ ಅವರು ನನ್ನನ್ನು ಹತ್ತಿರ ಕರೆದು, ಏನೂ ಮಾತಾಡದೆ, ಒಂದು ಹಿಡಿ ಹುರಿಗಡಲೆ ಕೊಟ್ಟರು.