ಬಿತ್ತನೆ ಬೀಜ ಕಾಯ್ದ ತಾಯಂದಿರು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವಗಳಲ್ಲಿ ಕವಿಗಳನ್ನೂ ಪಂಡಿತರನ್ನೂ ಸನ್ಮಾನಿಸುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಅದು ಉಚಿತವೇ ಸರಿ. ಆದರೆ ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲಗಳ ಈ ಕೆಂಪು ನೆಲದಲ್ಲಿ ಕನ್ನಡದ ಮನೆಗಳು ಬಾಳಿ ಬಂದುದು ರಾಗಿಯ ಮುದ್ದೆಯ ಬಲದಿಂದ. ಆ ರಾಗಿಯ ಬೀಜವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಹೆಂಗಸರು. ಈ ಸಲದ ಸನ್ಮಾನ ಅವರಿಗೆ ಸಲ್ಲುತ್ತಿರುವುದರಿಂದ ಅವರ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನು ಸಭೆಯ ಮುಂದಿಡಲು ಬಯಸುತ್ತೇವೆ.

ಬೀಜ ಕಾಯುವುದೆಂದರೆ ಮೂಲೆಯಲ್ಲಿ ಒಂದು ಚೀಲ ಕಟ್ಟಿಡುವುದೆಂದು ಪಟ್ಟಣದವರು ಭಾವಿಸಬಹುದು. ಅಷ್ಟೇ ಆಗಿದ್ದರೆ ಸನ್ಮಾನವೇತಕ್ಕೆ? ಕೊಯ್ಲಿಗೆ ಮೊದಲೇ ಹೊಲದಲ್ಲಿ ನಡೆದು, ತುಂಬಿದ ತೆನೆ ಯಾವುದು, ಮಳೆ ಕೈಕೊಟ್ಟರೂ ಕಾಳು ಕಟ್ಟಿದ ಬುಡ ಯಾವುದು ಎಂದು ಕಣ್ಣಳತೆಯಿಂದಲೇ ಆರಿಸಬೇಕು. ಅದನ್ನು ಬೇರೆಯಾಗಿ ಬಡಿದು, ಒಣಗಿಸಿ, ಬೂದಿ ಬೇವಿನೆಲೆಗಳೊಡನೆ ಮಡಕೆಗೆ ತುಂಬಿ, ಬಾಯಿಗೆ ಸೆಗಣಿ ಮೆತ್ತಬೇಕು. ತೊಗರಿ ಅವರೆಗಳಿಗಾದರೆ ಹುಳು ಬೀಳದಂತೆ ಕೆಮ್ಮಣ್ಣು ಕಟ್ಟಬೇಕು. ರಾಗಿಯ ನಡುವೆ ಅವರೆ, ಸಾಸಿವೆ, ಹುಚ್ಚೆಳ್ಳು, ಜೋಳಗಳನ್ನು ಅಕ್ಕಡಿ ಸಾಲಾಗಿ ಹಾಕುತ್ತಿದ್ದುದರಿಂದ ಒಂದೇ ಹೊಲ ಮುದ್ದೆಗೆ ಹಿಟ್ಟನ್ನೂ ಸಾರಿಗೆ ಕಾಳನ್ನೂ ದನಕ್ಕೆ ಮೇವನ್ನೂ ಕೊಡುತ್ತಿತ್ತು. ಆ ಒಂದೊಂದು ಬೀಜದ ಗುಣವೂ ಮನೆಯೊಡತಿಗೆ ಬಾಯಿಪಾಠ. ಮಗಳನ್ನು ಆನೇಕಲ್ಲಿಗೋ ಕನಕಪುರದ ಕಡೆಗೋ ಕೊಟ್ಟರೆ ತವರಿನ ಬೀಜದ ಗಂಟೂ ಅವಳ ಹಿಂದೆ ಹೋಗುತ್ತಿತ್ತು. 1956ರಲ್ಲಿ ರಾಜ್ಯಗಳನ್ನು ಪುನರ್ವಿಂಗಡಿಸಿದವರ ಕಣ್ಣಿಗೆ ಆ ಗಂಟು ಬಿದ್ದಿರಲಾರದು.

ಕಾಲ ಬದಲಾಯಿತು. ಹೊಸೂರಿನ ಸುತ್ತ ಕಾರ್ಖಾನೆಗಳೆದ್ದವು. ರಾಗಿಯ ಹೊಲಗಳಲ್ಲಿ ಗುಲಾಬಿಯ ಹಸಿರುಮನೆಗಳೂ ಎಲೆಕೋಸು ಟೊಮೇಟೊಗಳೂ ಬಂದವು. ಇದಕ್ಕಾಗಿ ರೈತನನ್ನು ನಾವು ದೂರುವುದಿಲ್ಲ. ಹೂವಿಗೆ ಹಣವುಂಟು, ಮಕ್ಕಳಿಗೆ ಶಾಲೆಯ ಖರ್ಚುಂಟು. ಆದರೆ ಬೀಜ ಅಂಗಡಿಯ ಪೊಟ್ಟಣವಾದೊಡನೆ ಮಡಕೆ ಬರಿದಾಯಿತು. ಮಡಕೆಯೊಡನೆ ಮಾತುಗಳೂ ಹೋದವು. ಕರಿಗಿಡ್ಡ, ಗುಡ್ಡಬಿಳಿ, ಮಜ್ಜಿಗೆ ರಾಗಿ, ಹಸಿರುಕಂಬಿ ಎಂಬ ರಾಗಿಯ ಹೆಸರುಗಳನ್ನು ನಮ್ಮ ಕನ್ನಡ ಶಾಲೆಯ ಎಷ್ಟು ಮಕ್ಕಳು ಕೇಳಿಯಾರು? ಭಾಷೆಯ ಉಳಿವನ್ನು ಕುರಿತು ಠರಾವು ಮಾಡುವ ನಾವು ಅಡಿಗೆಮನೆಯ ಈ ನಿಘಂಟನ್ನು ಮರೆತಂತಿದೆ.

ಈ ಮರೆವಿನ ನಡುವೆಯೂ ಒಂದು ಪ್ರಯತ್ನ ನಮ್ಮ ನೆಲದಲ್ಲೇ ಮೊಳೆಯಿತು. 1990ರ ದಶಕದ ಮೊದಲಲ್ಲಿ, ಕೃಷ್ಣಗಿರಿಯಿನ್ನೂ ಧರ್ಮಪುರಿ ಜಿಲ್ಲೆಗೆ ಸೇರಿದ್ದಾಗ, ಡಾ. ವನಜಾ ರಾಮಪ್ರಸಾದರ ಗ್ರೀನ್ ಫೌಂಡೇಶನ್ ತಳಿ ಪ್ರದೇಶದಲ್ಲಿ ಕೆಲವೇ ಹೆಂಗಸರೊಡನೆ ನಾಟಿ ಬೀಜಗಳನ್ನು ಕೂಡಿಸತೊಡಗಿತು. ಊರಿನ ಬೀಜ ಬ್ಯಾಂಕೆಂದರೆ ಸರಳವಾದ ಏರ್ಪಾಡು: ಬಿತ್ತನೆಗೆ ಬೀಜ ಒಯ್ದವರು ಸುಗ್ಗಿಯ ನಂತರ ಒಯ್ದುದಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವುದು. ಮುಂದೆ ಆ ಕೆಲಸ ಗಡಿ ದಾಟಿ ಕನಕಪುರದ ಹಳ್ಳಿಗಳಿಗೂ ಹಬ್ಬಿತು. ಇಂಥ ಕೆಲಸ ಎಷ್ಟು ದೂರ ಸಾಗಬಲ್ಲುದೆಂಬುದಕ್ಕೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವನ್ನು ನೋಡಬೇಕು. ಅಲ್ಲಿ 2018ರಲ್ಲಿ ಹುಟ್ಟಿದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಸಿರಿಧಾನ್ಯದ ಬೀಜ ಬ್ಯಾಂಕು ನಡೆಸಿ, ಧಾನ್ಯ ಹಸನು ಮಾಡುವ ಯಂತ್ರಗಳನ್ನೂ ಹೂಡಿ, 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯನ್ನು ಪಡೆದರು.

ಆದರೂ ಕೀರ್ತಿ ಹಂಚುವಲ್ಲಿ ನಮ್ಮ ತಕ್ಕಡಿ ನೆಟ್ಟಗಿಲ್ಲ. ಮಂಡ್ಯದ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅವರನ್ನು ರಾಗಿ ಬ್ರಹ್ಮನೆನ್ನುವುದು ನ್ಯಾಯವೇ. ಆದರೆ ಅವರ ಕೈಗೆ ಬಂದ ನಾಡರಾಗಿಯನ್ನು ಸಾವಿರ ಸುಗ್ಗಿಗಳಲ್ಲಿ ಆರಿಸಿಟ್ಟವರ ಒಂದು ಹೆಸರೂ ಉಳಿದಿಲ್ಲ. ಹೆಸರಿನ ಮಾತು ಬರಿಯ ಗೌರವದ ಮಾತಲ್ಲ, ಅನ್ನದ ಮಾತು. 2025-26ನೆಯ ಸಾಲಿಗೆ ಕೇಂದ್ರ ಸರ್ಕಾರ ಕ್ವಿಂಟಾಲ್ ರಾಗಿಗೆ 4,886 ರೂಪಾಯಿಗಳ ಬೆಂಬಲ ಬೆಲೆಯನ್ನು ನಿಗದಿಮಾಡಿತು. ಆದರೆ ಸರ್ಕಾರದ ಕೇಂದ್ರದಲ್ಲಿ ಧಾನ್ಯ ಅಳೆದುಕೊಡಲು ಜಮೀನಿನ ದಾಖಲೆ ಬೇಕು; ದಾಖಲೆಯಲ್ಲಿರುವುದು ಯಾರ ಹೆಸರು? 2015-16ರ ಕೃಷಿ ಗಣತಿಯಲ್ಲಿ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು 100ಕ್ಕೆ 14ರಷ್ಟು ಮಾತ್ರ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ತಮಿಳುನಾಡು 1989ರಲ್ಲಿಯೇ ಕಾನೂನು ಮಾಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಕಾನೂನು ಬಂದರೂ, ಪಾಲಿಗೆ ಕುಳಿತಾಗ ಅಣ್ಣತಮ್ಮಂದಿರ ಮುಖ ನೋಡಿ ಸುಮ್ಮನಾಗುವ ಅಕ್ಕತಂಗಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಈ ಸಭೆಯಲ್ಲಿ ಕುಳಿತಿರುವ ಅಣ್ಣತಮ್ಮಂದಿರು ಇದನ್ನು ಮನೆಗೊಯ್ದು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ಶಾಲು ಹೊದಿಸುವುದು ಸುಲಭ; ಪಟ್ಟಾದಲ್ಲಿ ಹೆಸರು ಬರೆಸುವುದು ಅಷ್ಟು ಸುಲಭವಲ್ಲ.

ಇಂದು ಸನ್ಮಾನಿತರಾಗುವ ತಾಯಂದಿರನ್ನು ಇಂಥವರ ಪತ್ನಿ, ಇಂಥವರ ತಾಯಿ ಎಂದಲ್ಲದೆ ಅವರವರ ಹೆಸರಿನಿಂದಲೇ ಕರೆಯಲಾಗುವುದು. ಅವರು ತಂದ ಬೀಜಗಳು ಬಾಗಿಲ ಬಳಿ ಮೊರಗಳಲ್ಲಿವೆ. ಬೇಕಾದವರು ಒಂದು ಹಿಡಿ ಒಯ್ಯಬಹುದು. ಬರುವ ವಾರ್ಷಿಕೋತ್ಸವಕ್ಕೆ ಎರಡು ಹಿಡಿ ತರಬೇಕು.