ಅಳೆದ ಧಮನಿ, ಊಹಿಸಿದ ಧಮನಿ



ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ಇದೆಯೋ ಆ ಗುರುಗಳ ವಾರ್ಡಿನಲ್ಲೇ ನಾನು ನಾಡಿ ಹಿಡಿಯಲು ಕಲಿತದ್ದು. ಅವರ ನೆನಪಿನ ವೇದಿಕೆಯಲ್ಲಿ ಮಾತನಾಡಲು ಕರೆದಿದ್ದೀರಿ, ಇದು ನನ್ನ ಭಾಗ್ಯ. ಮೇಷ್ಟರು ರೋಗಿಯ ತೋಳಿಗೆ ಪಟ್ಟಿ ಕಟ್ಟಿ, ನಾಡಿ ಅಡಗುವ ತನಕ ಗಾಳಿ ತುಂಬಿಸಿ, ಆಮೇಲೂ ಮಣಿಕಟ್ಟಿನ ಧಮನಿಯನ್ನು ಬೆರಳಡಿ ಹೊರಳಿಸಿ ನೋಡುತ್ತಿದ್ದರು. ಬಡಿತವಿಲ್ಲದಾಗಲೂ ಅದು ಹುರಿಯ ಹಾಗೆ ಕೈಗೆ ಸಿಕ್ಕರೆ, "ಪೆಡಸಾಗಿದೆ ಕಣಯ್ಯಾ" ಎನ್ನುತ್ತಿದ್ದರು. ವಿಲಿಯಂ ಆಸ್ಲರ್ ಹೆಸರಿನಿಂದ ಕರೆಯುವ ಪರೀಕ್ಷೆ ಇದು. ಬೆರಳಿನಿಂದ ಬೆರಳಿಗೆ ಫಲಿತ ಬದಲಾಗುವುದರಿಂದ ಇಂದು ಇದನ್ನು ಯಾರೂ ನೆಚ್ಚುವುದಿಲ್ಲ. ಆದರೆ ಅವರ ಬೆರಳು ಮುಟ್ಟುತ್ತಿದ್ದುದು ಧಮನಿಯನ್ನೇ. ನನ್ನ ಇಂದಿನ ವಾದಕ್ಕೆ ಅಷ್ಟು ಸಾಕು.

ಬಿ.ಪಿ. ಅಳತೆಯ ಮಟ್ಟಿಗೆ, 1896ರ ರಿವಾ-ರೋಚಿಯ ತೋಳುಪಟ್ಟಿ, 1905ರಲ್ಲಿ ಕೊರೋಟ್ಕಾಫ್ ಆಲಿಸಿದ ಸದ್ದು, ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಮನೆಯಲ್ಲಿ ಬಿ.ಪಿ. ನೋಡುವ ಕ್ರಮವೂ ಇತ್ಯರ್ಥವಾದದ್ದೇ: ಐದು ನಿಮಿಷ ಸುಮ್ಮನೆ ಕುಳಿತು, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರೆ, ಕ್ಲಿನಿಕ್ಕಿನ 140/90ಕ್ಕೆ ಮನೆಯ 135/85 ಸಮ.

ಧಮನಿಯ ಪೆಡಸಿನ ವಿಷಯಕ್ಕೆ ಬರುತ್ತೇನೆ. ಹೃದಯ ಮಿಡಿದಾಗ ರಕ್ತ ಹರಿಯುವುದಕ್ಕಿಂತ ಎಷ್ಟೋ ಮುಂಚೆ ಒತ್ತಡದ ಅಲೆಯೊಂದು ಧಮನಿಯ ಗೋಡೆಗುಂಟ ಓಡುತ್ತದೆ. ಗೋಡೆ ಮೆತ್ತಗಿದ್ದರೆ ಅಲೆ ನಿಧಾನ, ಬಿರುಸಾಗಿದ್ದರೆ ಜೋರು. ಮೋಯೆನ್ಸ್ ಮತ್ತು ಕೋರ್ಟೆವೆಗ್ 1878ರಲ್ಲೇ ಇದನ್ನು ಗಣಿತಕ್ಕೆ ಇಳಿಸಿದರು. ಕತ್ತಿನಲ್ಲೊಂದು, ತೊಡೆಸಂದಿನಲ್ಲೊಂದು ನಾಡಿ ಹಿಡಿದು, ನಡುವಿನ ದೂರವನ್ನು ಟೇಪಿನಿಂದ ಅಳೆದು, ಅದರ ಶೇಕಡಾ 80ನ್ನು ಅಲೆ ತೆಗೆದುಕೊಂಡ ಹೊತ್ತಿನಿಂದ ಭಾಗಿಸಿದರೆ ವೇಗ ಸಿಗುತ್ತದೆ. ಸೆಕೆಂಡಿಗೆ 10 ಮೀಟರ್ ದಾಟಿದರೆ ಎಚ್ಚರವೆಂಬುದು 2012ರ ಯುರೋಪಿನ ತಜ್ಞರ ಒಮ್ಮತ. ಈ ವೇಗ ಹೆಚ್ಚಿದ ರಕ್ತದೊತ್ತಡದವರಲ್ಲಿ ಸಾವಿನ ಅಪಾಯವೂ ಹೆಚ್ಚೆಂದು ಫ್ರಾನ್ಸಿನ ಲೊರಾಂ ತಂಡ 2001ರಲ್ಲಿ ತೋರಿಸಿತು.

ನನ್ನ ತಕರಾರು ಇರುವುದು ಈಚಿನ ಒಂಟಿಪಟ್ಟಿಯ ಯಂತ್ರಗಳ ಬಗ್ಗೆ. ತೋಳಿಗೆ ಒಂದೇ ಪಟ್ಟಿ ಕಟ್ಟಿ, ಎರಡು ನಿಮಿಷದಲ್ಲಿ ಅಲೆಯ ವೇಗವನ್ನೂ "ರಕ್ತನಾಳದ ವಯಸ್ಸ"ನ್ನೂ ಮುದ್ರಿಸಿ ಕೊಡುತ್ತವೆ. ಅಂಥದೊಂದನ್ನು ನನ್ನ ತೋಳಿಗೇ ಕಟ್ಟಿಕೊಂಡೆ. ಮೊದಲು ನಿಜವಾದ ವಯಸ್ಸು ಒತ್ತಿದೆ. ಮರುಕ್ಷಣ ಇಪ್ಪತ್ತು ವರ್ಷ ಕಡಿಮೆ ಒತ್ತಿದೆ. ಬಿ.ಪಿ. ಹೆಚ್ಚುಕಡಿಮೆ ಅಷ್ಟೇ ಇತ್ತು, ಧಮನಿಯೂ ಅದೇ. ಮುದ್ರಿತವಾದ ವೇಗ ಮಾತ್ರ ಯುವಕನದಾಯಿತು. ಹತ್ತಾರು ಸಲ, ಬೇರೆ ಬೇರೆ ಜನರ ಮೇಲೆ ಮಾಡಿ ನೋಡಿದ್ದೇನೆ, ಬೇರೆ ಫಲ ಬಂದಿಲ್ಲ. ಆ ಸಂಖ್ಯೆಯ ಬಹುಪಾಲು ನಾವು ಒತ್ತಿದ ವಯಸ್ಸು ಮತ್ತು ಪಟ್ಟಿ ಕಂಡ ಮೇಲಿನ ಬಿ.ಪಿ.

ಈ ಯಂತ್ರಗಳನ್ನು ಸಮರ್ಥಿಸುವ ಸಹೋದ್ಯೋಗಿಗಳು ಬಲವಾದ ಸಾಕ್ಷ್ಯವನ್ನೇ ಮುಂದಿಡುತ್ತಾರೆ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ ಮಾಹಿತಿಯ ಮೇಲೆ 2019ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ಬರೀ ವಯಸ್ಸು ಮತ್ತು ಸರಾಸರಿ ಒತ್ತಡದಿಂದ ಲೆಕ್ಕ ಹಾಕಿದ ಅಲೆವೇಗವೂ ಮುಂದಿನ ಅಪಾಯವನ್ನು ಸೂಚಿಸಿತು. ಒಪ್ಪುತ್ತೇನೆ. ಆದರೆ ಅಲ್ಲಿ ಯಾರ ಧಮನಿಯನ್ನೂ ಅಳೆದಿರಲಿಲ್ಲ. ಸೂತ್ರ ಒಳ್ಳೆಯದೆಂದು ಅದರಿಂದ ಸಾಬೀತಾಯಿತು. ಹಾಗಿದ್ದರೆ ಕಾಗದ, ಪೆನ್ನು ಸಾಕು, ಯಂತ್ರವೇಕೆ? ಅದಕ್ಕಿಂತ ದೊಡ್ಡ ತೊಡಕು ಚಿಕಿತ್ಸೆಯಲ್ಲಿದೆ. ಮಾತ್ರೆಯಿಂದ ಬಿ.ಪಿ. ಇಳಿದ ಕೂಡಲೇ ಸೂತ್ರದ ವೇಗವೂ ಇಳಿಯಲೇಬೇಕು, ಏಕೆಂದರೆ ಬಿ.ಪಿ. ಸೂತ್ರದೊಳಗೇ ಇದೆ. ಅದನ್ನು ತೋರಿಸಿ "ನಿಮ್ಮ ಧಮನಿ ಮೆತ್ತಗಾಯಿತು" ಎಂದು ರೋಗಿಗೆ ಹೇಳುವುದು ತಪ್ಪು. ನಿಜವಾಗಿ ಅಳೆದ ವೇಗವೂ ಆ ಹೊತ್ತಿನ ಒತ್ತಡಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದರೆ ಗೋಡೆಯ ಸಮಾಚಾರವೂ ಅದರಲ್ಲಿರುತ್ತದೆ.

ಇನ್ನೊಂದು ಪಕ್ಷದವರು ಫ್ರಾನ್ಸಿನ ಸ್ಪಾರ್ಟ್ ಪ್ರಯೋಗವನ್ನು ತೋರಿಸಿ ಅಲೆವೇಗದ ಅಳತೆಯೇ ಬೇಡ ಎನ್ನುತ್ತಾರೆ. 2021ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅಲೆವೇಗ ನೋಡಿ ಔಷಧಿ ಹೊಂದಿಸಿದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಗಣನೀಯವಾಗಿ ಕಡಿಮೆಯಾಗಲಿಲ್ಲ, ನಿಜ. ಆದರೆ ಆ ಗುಂಪಿನ ಬಿ.ಪಿ. ಹೆಚ್ಚು ಇಳಿಯಿತು, ಧಮನಿಗಳ ಮುಪ್ಪಿಗೂ ತಡೆ ಬಿತ್ತು. ಪ್ರಯೋಗ ಚಿಕ್ಕದಾಗಿತ್ತೆಂಬುದನ್ನು ಮರೆತು ಬಾಗಿಲು ಹಾಕುವುದು ಅವಸರದ ತೀರ್ಪು.

ಕಳೆದ ವರ್ಷ ನಿವೃತ್ತ ಮೇಷ್ಟರೊಬ್ಬರು ಆರೋಗ್ಯ ಶಿಬಿರದ ಚೀಟಿ ಹಿಡಿದು ಬಂದರು. ಅವರಿಗೆ 61, ಚೀಟಿಯ ಪ್ರಕಾರ ಧಮನಿಗೆ 74. ಮೂರು ರಾತ್ರಿ ನಿದ್ದೆ ಮಾಡಿರಲಿಲ್ಲ. ಕತ್ತು, ತೊಡೆಸಂದಿನಲ್ಲಿ ಅಳೆದೆ. ವೇಗ 10ರೊಳಗೇ ಇತ್ತು. ಒಂದು ನೋಟ್‌ಬುಕ್ ಕೊಟ್ಟು ಮನೆಗೆ ಕಳಿಸಿದೆ. ಏಳು ದಿನದ ಬರಹ ದುಂಡಗಿನ ಅಕ್ಷರದಲ್ಲಿ ಬಂತು. ಸರಾಸರಿ 135/85ರ ಕೆಳಗೇ ಇತ್ತು. ಶಿಬಿರದ ಗದ್ದಲದಲ್ಲಿ, ಸಾಲಿನಲ್ಲಿ ನಿಂತು ಏರಿದ್ದ ಬಿ.ಪಿ.ಯನ್ನೇ ಸೂತ್ರ ಮುಪ್ಪೆಂದು ಬರೆದಿತ್ತು. ಹೊಸ ಮಾತ್ರೆ ಬರೆಯಲಿಲ್ಲ. ಹಳೆಯದನ್ನೇ ತಪ್ಪದೆ ನುಂಗಿ, ಆರು ತಿಂಗಳಿಗೆ ಅದೇ ನೋಟ್‌ಬುಕ್ ತನ್ನಿ ಎಂದೆ.